ನಾಯಿಗೆ ಹಸಿ ಮಾಂಸವೋ, ಬೇಯಿಸಿದ್ದೋ? ದುರ್ಗ–ದಾವಣಗೆರೆ ಸೀಮೆಯ ನಾಯಿ ಸಾಕುವವರಿಗೆ

"ನಾಯಿಗೆ ಹಸಿ ಮಾಂಸ ಹಾಕಬಹುದಾ, ಬೇಯಿಸಿಯೇ ಹಾಕಬೇಕಾ?" ದಾವಣಗೆರೆ, ಚಿತ್ರದುರ್ಗ ಕಡೆಯ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಕೇಳುವವರಲ್ಲಿ ಹೆಚ್ಚುಕಡಿಮೆ ಮೂರು ಬಗೆ. ಮೊಬೈಲಿನಲ್ಲಿ ವಿಡಿಯೊ ನೋಡಿ ‘ತೋಳದ ವಂಶ, ಅದಕ್ಕೆ ಹಸಿಯದೇ ಸರಿ’ ಎಂದು ತೀರ್ಮಾನ ಮಾಡಿದವರು ಒಂದು ಬಗೆ. ಅಡುಗೆಮನೆಯೊಳಗೆ ಮೊಟ್ಟೆಯೂ ಬರಬಾರದ ಮನೆಯಲ್ಲಿ ಲ್ಯಾಬ್ರಡಾರ್ ಸಾಕಿ, ಬೇಯಿಸಲು ಜಾಗವಿಲ್ಲದೆ ಕೋಳಿ ಅಂಗಡಿಯ ಕವರನ್ನು ಹಿತ್ತಲಲ್ಲಿ ಹಾಗೇ ಬಿಚ್ಚುವವರು ಇನ್ನೊಂದು ಬಗೆ. ಮೂರನೆಯವರು ಹಟ್ಟಿಯಲ್ಲೋ ತೋಟದಲ್ಲೋ ಕುರಿ ಕಡಿದಾಗ ಬೇಡದ ಭಾಗವನ್ನು ನಾಯಿಯತ್ತ ಎಸೆಯುವವರು. ಇವರು ಕೇಳುವುದು ಅಪರೂಪ, ಆದರೆ ಉತ್ತರ ಎಲ್ಲರಿಗಿಂತ ಹೆಚ್ಚು ಬೇಕಾಗಿರುವುದು ಇವರಿಗೇ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಬೇಯಿಸಿ. ಬೆಂದ ಮೇಲೆ ಒಂದು ಮೂಳೆಯೂ ಉಳಿಯದಂತೆ ಬಿಡಿಸಿ. ಬರೀ ಮಾಂಸ ಹಾಕದೆ ಲೆಕ್ಕದ ಕ್ಯಾಲ್ಸಿಯಂ ಸೇರಿಸಿ. ಹಸಿಯೋ ಬೇಯಿಸಿದ್ದೋ ಎಂಬ ಜಗಳದಲ್ಲಿ ಈ ಕೊನೆಯ ಮಾತು ಕಳೆದುಹೋಗುತ್ತದೆ. ಕಾಲು ಸೊಟ್ಟಗಾದ ಮರಿಗಳನ್ನು ಎತ್ತಿಕೊಂಡು ಪಶು ಆಸ್ಪತ್ರೆಗೆ ಓಡುವುದು ಅದರಿಂದಲೇ.

ಹಸಿ ಮಾಂಸದ ವಾದದಲ್ಲಿ ಹುರುಳೆಷ್ಟು

ನಾಯಿ ತೋಳದಿಂದ ಬಂದದ್ದು ನಿಜ. ಆದರೆ ಮನುಷ್ಯನ ಜೊತೆ ಬಾಳಿದ ಸಾವಿರಾರು ವರ್ಷಗಳಲ್ಲಿ ಅದರ ಹೊಟ್ಟೆ ಬದಲಾಗಿದೆ. ಪಿಷ್ಟವನ್ನು, ಎಂದರೆ ಅನ್ನ–ಮುದ್ದೆಯ ಗಂಜಿ ಅಂಶವನ್ನು, ಅರಗಿಸುವ ಅಮೈಲೇಸ್ ಕಿಣ್ವದ ಜೀನ್ ತೋಳದಲ್ಲಿ ಎರಡೇ ಪ್ರತಿ ಇದ್ದರೆ ನಾಯಿಯಲ್ಲಿ ಅದರ ಹಲವು ಪಟ್ಟು ಇದೆ ಎಂದು ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲಿ ತೋರಿಸಿದರು. ಜೋಳದ ರೊಟ್ಟಿ ತಿಂದು ಬೆಳೆದ ನಮ್ಮ ಬೀದಿ ನಾಯಿಗಳು ಅದಕ್ಕೂ ಮೊದಲೇ ತೋರಿಸಿದ್ದವು ಅನ್ನಿ.

‘ಬೇಯಿಸಿದರೆ ಸತ್ವ ಹೋಗುತ್ತದೆ’ ಎಂಬ ಮಾತು ಅರ್ಧ ಸರಿ. ಬಿ1 ಜೀವಸತ್ವ (ಥಯಾಮಿನ್) ಬಿಸಿಗೆ ಸ್ವಲ್ಪ ಹಾಳಾಗುತ್ತದೆ. ಟಾರಿನ್ ಎಂಬ ಹೃದಯಕ್ಕೆ ಬೇಕಾದ ಅಂಶ ಬೇಯಿಸಿದ ನೀರಿಗೆ ಇಳಿಯುತ್ತದೆ. ಹಾಗಾಗಿ ಬೇಯಿಸಿದ ನೀರು ಚೆಲ್ಲಬಾರದು. ಅದರಲ್ಲೇ ಅಕ್ಕಿ ಬೇಯಿಸಿದರೆ ಇಳಿದದ್ದು ಬಟ್ಟಲಿಗೇ ವಾಪಸ್ ಬರುತ್ತದೆ.

‘ನಾಯಿಯ ಹೊಟ್ಟೆಯ ಆಮ್ಲ ಎಲ್ಲ ರೋಗಾಣು ಸುಡುತ್ತದೆ’ ಎಂಬುದು ಅಪಾಯದ ಅರ್ಧಸತ್ಯ. ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಅದನ್ನು ತಿಂದ ನಾಯಿ ಗಟ್ಟಿಮುಟ್ಟಾಗಿಯೇ ಓಡಾಡಿಕೊಂಡಿದ್ದು ಮಲದಲ್ಲಿ ರೋಗಾಣುಗಳನ್ನು ಹೊರಹಾಕುತ್ತಿರುತ್ತದೆ. ಹಿಂಭಾಗ ನೆಕ್ಕಿಕೊಂಡ ನಾಲಿಗೆಯಲ್ಲೇ ಮಗುವಿನ ಕೈ ನೆಕ್ಕುತ್ತದೆ. ಭೇದಿ ಆಗುವುದು ನಾಯಿಗಲ್ಲ, ಮನೆಯ ಕೂಸಿಗೆ, ಅಜ್ಜಿಗೆ. ಅಮೆರಿಕದ ಪಶುವೈದ್ಯರ ಸಂಘ 2012ರಿಂದ ಹಸಿ ಮಾಂಸ ಬೇಡ ಎಂಬ ನಿಲುವು ತಳೆದಿರುವುದಕ್ಕೆ ಇದು ಮುಖ್ಯ ಕಾರಣ. ಐದು ವರ್ಷದೊಳಗಿನ ಮಕ್ಕಳು, ಬಸುರಿ, ವಯಸ್ಸಾದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಮನೆಯಲ್ಲಿದ್ದರೆ ಈ ವಿಷಯದಲ್ಲಿ ಚರ್ಚೆಯೇ ಬೇಡ.

ಫ್ರೀಜರಿನಲ್ಲಿಟ್ಟರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಮಲಗುತ್ತದೆ ಅಷ್ಟೆ. ಹೊರಗೆ ತೆಗೆದ ಕೂಡಲೇ ಏಳುತ್ತದೆ.

ಕುರಿ ಸೀಮೆಯ ದೊಡ್ಡ ಅಪಾಯ: ನೀರು ತುಂಬಿದ ಗುಳ್ಳೆ

ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರು, ಜಗಳೂರು ಕಡೆ ಕುರಿಯಿಲ್ಲದ ಊರಿಲ್ಲ. ಕುರಿ ಇದ್ದಲ್ಲಿ ನಾಯಿಯೂ ಇರುತ್ತದೆ. ಕುರಿ ಕೊಯ್ಯುವುದನ್ನು ನೋಡಿದವರಿಗೆ ಇದು ಗೊತ್ತಿರುತ್ತದೆ: ಕೆಲವು ಕುರಿಗಳ ಲಿವರಿನ ಮೇಲೋ ಶ್ವಾಸಕೋಶದ ಮೇಲೋ ಬಟಾಣಿಯಿಂದ ನಿಂಬೆಹಣ್ಣಿನ ಗಾತ್ರದವರೆಗಿನ ಬಿಳಿ ಗುಳ್ಳೆ. ಬೆರಳಲ್ಲಿ ಒತ್ತಿದರೆ ಒಳಗೆ ನೀರು ಆಡುತ್ತದೆ. ಕೊಯ್ಯುವವರು ಆ ಭಾಗವನ್ನು ಚೆಕ್ಕಿ ತೆಗೆದು ಎಸೆಯುತ್ತಾರೆ. ಎಸೆದದ್ದು ಕೆಳಗೆ ಬೀಳುವ ಮೊದಲೇ ನಾಯಿ ಬಾಯಿ ಹಾಕಿರುತ್ತದೆ.

ಆ ಗುಳ್ಳೆಯ ಹೆಸರು ಹೈಡಾಟಿಡ್. ಎಕಿನೋಕಾಕಸ್ ಎಂಬ ಪುಟ್ಟ ಲಾಡಿಹುಳುವಿನ ಮರಿಗಳು ಅದರೊಳಗಿರುತ್ತವೆ. ನಾಯಿ ಹಸಿಯಾಗಿ ತಿಂದರೆ ಮರಿಗಳು ಅದರ ಸಣ್ಣ ಕರುಳಿಗೆ ಕಚ್ಚಿಕೊಂಡು, ಸುಮಾರು 6–7 ವಾರದಲ್ಲಿ ಬಲಿತು, ಮಲದ ಜೊತೆ ಮೊಟ್ಟೆ ಬಿಡಲು ಶುರು ಮಾಡುತ್ತವೆ. ಬಲಿತ ಹುಳುವಿನ ಉದ್ದ ಕೆಲವೇ ಮಿಲಿಮೀಟರ್. ‘ನಮ್ಮ ನಾಯಿ ಮಲದಲ್ಲಿ ಹುಳು ಇಲ್ಲ’ ಎಂಬ ಸಮಾಧಾನಕ್ಕೆ ಇಲ್ಲಿ ಅರ್ಥವಿಲ್ಲ. ನಾಯಿಗೆ ಕಾಯಿಲೆಯ ಸುಳಿವೂ ಇರುವುದಿಲ್ಲ. ಮೊಟ್ಟೆಗಳು ಅದರ ಮೈಗೂದಲಿಗೆ, ಅಂಗಳದ ಮಣ್ಣಿಗೆ, ಹಿತ್ತಲ ಸೊಪ್ಪಿಗೆ ಅಂಟುತ್ತವೆ. ಅಲ್ಲಿಂದ ಮನುಷ್ಯನ ಬಾಯಿಗೆ ಹೋದರೆ ನಮ್ಮ ಲಿವರ್, ಶ್ವಾಸಕೋಶದಲ್ಲಿ ಅದೇ ಗುಳ್ಳೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಹಲವು ಸಲ ಆಪರೇಷನ್ನೇ ಗತಿ.

ಕುರಿ ತಲೆಯದು ಇನ್ನೊಂದು ಕಥೆ. ಕುರಿ ಕತ್ತು ವಾಲಿಸಿ ಒಂದೇ ಕಡೆಗೆ ಸುತ್ತುತ್ತಿದ್ದರೆ ಮಿದುಳಿನಲ್ಲಿ ಬೇರೊಂದು ಲಾಡಿಹುಳುವಿನ ಗುಳ್ಳೆ ಇರುವ ಸಾಧ್ಯತೆ ಹೆಚ್ಚು. ಅಂಥ ಕುರಿಯ ತಲೆಯನ್ನು ಹಸಿಯಾಗಿ ತಿಂದ ನಾಯಿ ಮೇವಿನ ಹೊಲದಲ್ಲೆಲ್ಲ ಮೊಟ್ಟೆ ಬಿತ್ತುತ್ತದೆ. ಮುಂದಿನ ವರ್ಷ ನಿಮ್ಮದೇ ಹಿಂಡಿನ ಇನ್ನೆರಡು ಮರಿ ಸುತ್ತು ಹಾಕುತ್ತವೆ. ನಾಯಿಗೆ ಒಂದು ಹೊತ್ತಿನ ಪುಕ್ಕಟೆ ಊಟ, ನಿಮಗೆ ಎರಡು ಕುರಿ ನಷ್ಟ.

ಆದ್ದರಿಂದ ಕುರಿ, ಆಡಿನ ಲಿವರ್, ಶ್ವಾಸಕೋಶ, ತಲೆ ಹಸಿಯಾಗಿ ಯಾವತ್ತೂ ಬೇಡ. ಗುಳ್ಳೆ ಕಂಡ ಭಾಗವನ್ನು ಬೇಯಿಸಿಯೂ ಹಾಕಬೇಡಿ. ನಾಯಿ ಕೆದಕದಷ್ಟು ಆಳಕ್ಕೆ ಹೂಳಿ ಮೇಲೆ ಕಲ್ಲು ಹೇರಿ, ಇಲ್ಲವೇ ಸುಟ್ಟುಬಿಡಿ.

ಬೇಕಾಗುವ ಸಾಮಾನು

ಗ್ರಾಂ ತೋರಿಸುವ ಅಡುಗೆ ತಕ್ಕಡಿ, ನಾಯಿಗೆಂದೇ ಒಂದು 3 ಲೀಟರ್ ಕುಕ್ಕರ್, ಬೇರೆ ಚಾಕು ಮತ್ತು ಮಣೆ, 5 ಮಿ.ಲೀ. ಅಳತೆಯ ಟೀ ಚಮಚ, ಮಿಕ್ಸಿಯ ಚಿಕ್ಕ ಜಾರ್. ಸಸ್ಯಾಹಾರಿ ಮನೆಯವರು ಹಿತ್ತಲಲ್ಲಿ ಅಥವಾ ಮಹಡಿಯ ಮೇಲೆ ಒಂದು ಇಂಡಕ್ಷನ್ ಒಲೆ ಇಟ್ಟುಕೊಂಡರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಿತು. ಎರಡು ದಿನದ್ದನ್ನು ಒಟ್ಟಿಗೆ ಬೇಯಿಸಿಕೊಂಡರೆ ಮನೆಯ ಹಿರಿಯರಿಗೂ ದಿನಾ ವಾಸನೆಯ ಕಿರಿಕಿರಿ ಇಲ್ಲ.

ಹಂತ 1: ನಾಯಿಯನ್ನು ತೂಗಿ

ಚಿಕ್ಕ ನಾಯಿಯಾದರೆ ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ನಿಮ್ಮ ತೂಕ ಕಳೆಯಿರಿ. ದೊಡ್ಡದನ್ನು ಗೊಬ್ಬರದ ಅಂಗಡಿಯ ಕಾಟಾ ಮೇಲೆ ನಿಲ್ಲಿಸಿದರೆ ಆಯಿತು. ಮನೆಯಲ್ಲೇ ಇರುವ, ಬೆಳವಣಿಗೆ ಮುಗಿದ ನಾಯಿಗೆ ದಿನಕ್ಕೆ ಬೇಕಾದ ಶಕ್ತಿ ಅಂದಾಜು ಹೀಗೆ: 10 ಕೆ.ಜಿ. ನಾಯಿಗೆ 550ರಿಂದ 630 ಕಿಲೋಕ್ಯಾಲರಿ, 20 ಕೆ.ಜಿ.ಗೆ 930ರಿಂದ 1,060, 30 ಕೆ.ಜಿ.ಗೆ 1,250ರಿಂದ 1,430. ತೂಕ ಎರಡು ಪಟ್ಟಾದರೆ ಊಟ ಎರಡು ಪಟ್ಟಾಗುವುದಿಲ್ಲ ಎಂಬುದನ್ನು ಗಮನಿಸಿ. ‘ಕೆ.ಜಿ.ಗೆ ಇಷ್ಟು’ ಎಂದು ಗುಣಿಸುತ್ತಾ ಹೋದವರ ಲ್ಯಾಬ್ರಡಾರ್‌ಗಳೇ ದಿಂಬಿನಂತಾಗುವುದು.

ಲೆಕ್ಕಕ್ಕಿಂತ ಕೈ ದೊಡ್ಡದು. ಪಕ್ಕೆಯ ಮೇಲೆ ಅಂಗೈ ಆಡಿಸಿದಾಗ ಎಲುಬುಗಳು ಒತ್ತದೆಯೇ ಕೈಗೆ ಸಿಗಬೇಕು, ದೂರದಿಂದ ಕಣ್ಣಿಗೆ ಎದ್ದು ಕಾಣಬಾರದು. ಮುಧೋಳ ತಳಿಯದು ಇದಕ್ಕೆ ಹೊರತು, ಅದರ ಕೊನೆಯ ಎರಡು–ಮೂರು ಪಕ್ಕೆಲುಬು ಕಂಡರೂ ಅದು ಸೊರಗಿದೆ ಎಂದಲ್ಲ.

ಹಂತ 2: ಮಾಂಸ ಆರಿಸಿ

ಶುರುಮಾಡುವವರಿಗೆ ಸ್ಕಿನ್‌ಔಟ್ ಕೋಳಿಯೇ ಸುಲಭ. ಎದೆ ಮತ್ತು ತೊಡೆಯ ಭಾಗ ಬೋನ್‌ಲೆಸ್ ಮಾಡಿಸಿ. ಚರ್ಮ ಬೇಡ. ಅದರ ಕೊಬ್ಬು ಒಮ್ಮೆಲೇ ಹೆಚ್ಚಾದರೆ ಮೇದೋಜೀರಕ ಗ್ರಂಥಿ ಊದಿಕೊಂಡು ನಾಯಿ ವಾಂತಿ ಮಾಡುತ್ತಾ, ಹೊಟ್ಟೆ ನೋವಿಗೆ ಬೆನ್ನು ಬಾಗಿಸಿ ನಿಲ್ಲುತ್ತದೆ. ಗುಂಡಿಗೆ, ಗಿಜ್ಜರ್ಡ್ (ಕೋಳಿಯ ಕಲ್ಲುಹೊಟ್ಟೆ) ಮಾಂಸದ ಲೆಕ್ಕಕ್ಕೇ ಬರುತ್ತವೆ, ಒಳ್ಳೆಯವೂ ಹೌದು. ಲಿವರ್ ಮಾತ್ರ ಒಟ್ಟು ಊಟದಲ್ಲಿ ನೂರಕ್ಕೆ 5 ಪಾಲು ದಾಟಬಾರದು. ಅದರಲ್ಲಿ ಎ ಜೀವಸತ್ವ ವಿಪರೀತ ಇರುವುದರಿಂದ ದಿನಾ ಲಿವರನ್ನೇ ತಿನ್ನಿಸಿದರೆ ತಿಂಗಳುಗಳ ಮೇಲೆ ಮೂಳೆಕೀಲು ಬಿಗಿಯುತ್ತವೆ.

ಮಟನ್ ಆದರೆ ಬಿಳಿ ಕೊಬ್ಬು ಕತ್ತರಿಸಿ ತೆಗೆಯಿರಿ. ಬೋಟಿಯನ್ನು ಚೆನ್ನಾಗಿ ತೊಳೆದು ಬೇಯಿಸಿ ಕೊಡಬಹುದು. ಗಂಟಲ ಕೊಳವೆಯ ಭಾಗವನ್ನು ದಿನಾ ಹಾಕಬೇಡಿ. ಅದಕ್ಕೆ ಅಂಟಿಕೊಂಡ ಥೈರಾಯ್ಡ್ ಗ್ರಂಥಿಯಿಂದ ನಾಯಿಗೆ ಥೈರಾಯ್ಡ್ ಹಾರ್ಮೋನ್ ಹೆಚ್ಚಾಗಿ, ಎಷ್ಟು ತಿಂದರೂ ಸೊರಗುವುದು, ಏದುಸಿರು, ಚಡಪಡಿಕೆ ಕಾಣಿಸುತ್ತದೆ. ಬೇಯಿಸಿದರೂ ಆ ಹಾರ್ಮೋನ್ ಹೋಗದು.

ಕೋಳಿ ಅಂಗಡಿಯ ಡ್ರಮ್ಮಿನಲ್ಲಿ ತಲೆ, ಕರುಳು, ಚರ್ಮ ಎಲ್ಲ ಸೇರಿರುವ ‘ವೇಸ್ಟ್’ ತರುವವರು ಬಹಳ. ಬೆಳಿಗ್ಗೆ ಆರಕ್ಕೆ ಡ್ರಮ್ಮಿಗೆ ಬಿದ್ದದ್ದು ಮಧ್ಯಾಹ್ನದ ಹೊತ್ತಿಗೆ ಏನಾಗಿರುತ್ತದೆ ಎಂದು ಏಪ್ರಿಲ್ ಬಿಸಿಲಲ್ಲಿ ಅದರ ಪಕ್ಕ ನಿಂತರೆ ತಿಳಿಯುತ್ತದೆ. ಕೊಳೆತ ಮಾಂಸದಲ್ಲಿ ಬ್ಯಾಕ್ಟೀರಿಯಾ ಬಿಟ್ಟ ಕೆಲವು ವಿಷಗಳು ಕುದಿಸಿದರೂ ಉಳಿಯುತ್ತವೆ.

ತಾನಾಗಿ ಸತ್ತ ಕುರಿ, ಆಡು, ದನದ ಮಾಂಸ ಹಸಿಯಾಗಲಿ ಬೇಯಿಸಿಯಾಗಲಿ ಬೇಡವೇ ಬೇಡ. ಇದ್ದಕ್ಕಿದ್ದಂತೆ ಸತ್ತು ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ ಅದು ನೆರಡಿ ರೋಗ, ಎಂದರೆ ಆಂಥ್ರಾಕ್ಸ್ ಇರಬಹುದು. ಅಂಥದ್ದಕ್ಕೆ ಚಾಕು ಹಾಕಲೇಬೇಡಿ, ನಾಯಿಗಳನ್ನು ದೂರ ಕಟ್ಟಿ, ಸರ್ಕಾರಿ ಪಶು ಆಸ್ಪತ್ರೆಗೆ ತಿಳಿಸಿ.

ಹಂತ 3: ತಂದ ಮಾಂಸ ಇಡುವುದು

ಬಿಸಿಲುಗಾಲದಲ್ಲಿ ಹಸಿ ಮಾಂಸ ಹೊರಗೆ ಒಂದು ಗಂಟೆ ದಾಟಬಾರದು, ಉಳಿದ ಕಾಲದಲ್ಲಿ ಎರಡು ಗಂಟೆ. ತಂದ ಕೂಡಲೇ ಒಂದೊಂದು ದಿನದ ಪಾಲು ಮಾಡಿ, ಡಬ್ಬಿಗೆ ಹಾಕಿ ಫ್ರೀಜರಿಗೆ. ನಾಳೆಯದನ್ನು ಇಂದು ರಾತ್ರಿ ಫ್ರಿಜ್ಜಿನ ಕೆಳಗಿನ ಅಂಕಣಕ್ಕೆ ಇಳಿಸಿ ಕರಗಿಸಿ, ಕಟ್ಟೆಯ ಮೇಲಿಟ್ಟು ಬೇಡ. ನಲ್ಲಿ ಕೆಳಗೆ ಜೋರಾಗಿ ತೊಳೆಯಬೇಡಿ. ಹನಿ ಸಿಡಿದು ಪಕ್ಕದ ಕೊತ್ತಂಬರಿ ಸೊಪ್ಪಿಗೆ ರೋಗಾಣು ಅಂಟುವುದೇ ಹಾಗೆ. ತೊಳೆಯಲೇಬೇಕು ಅನಿಸಿದರೆ ಪಾತ್ರೆಯ ನೀರಲ್ಲಿ ಅದ್ದಿ ತೆಗೆಯಿರಿ. ಕರೆಂಟ್ ಹೋಗಿ ಫ್ರೀಜರಿನಲ್ಲಿದ್ದದ್ದು ಪೂರ್ತಿ ಕರಗಿ ಬೆಚ್ಚಗಾಗಿದ್ದರೆ ಬಿಸಾಡಿ. ಮರಳಿ ಗಟ್ಟಿಯಾಯಿತೆಂದು ನಂಬಬೇಡಿ.

ಹಂತ 4: ಬೇಯಿಸುವುದು

ತುಂಡು ಹೆಬ್ಬೆರಳಿನ ಗಾತ್ರಕ್ಕಿಂತ ದೊಡ್ಡದಿರಬಾರದು. 350 ಗ್ರಾಂ ಕೋಳಿಗೆ ಮೂರು ಲೋಟ ನೀರು. ಕುಕ್ಕರಿನಲ್ಲಾದರೆ ಎರಡು ವಿಸಲ್, ಆಮೇಲೆ ಸಣ್ಣ ಉರಿಯಲ್ಲಿ ಐದು ನಿಮಿಷ. ತೆರೆದ ಪಾತ್ರೆಯಲ್ಲಾದರೆ ಕುದಿ ಹತ್ತಿದ ಮೇಲೆ 20 ನಿಮಿಷ. ಮಟನ್ನಿಗೆ ಐದಾರು ವಿಸಲ್ ಬೇಕು. ಕುರಿ, ಆಡಿನ ಲಿವರ್ ಇದ್ದರೆ ಗುಳ್ಳೆ ಇಲ್ಲದ್ದಾದರೂ ತೆಳ್ಳಗೆ ಸೀಳಿ ಕುದಿಯುವ ನೀರಲ್ಲಿ ಅರ್ಧ ಗಂಟೆ ಬೇಯಿಸಿ.

ಬೆಂದಿದೆಯೇ ಎಂದು ನೋಡಲು ಇದ್ದುದರಲ್ಲಿ ದಪ್ಪ ತುಂಡನ್ನು ಎತ್ತಿ ಮಧ್ಯಕ್ಕೆ ಕತ್ತರಿಸಿ. ಒಳಗೆ ಗುಲಾಬಿ ಬಣ್ಣ ಇರಬಾರದು, ಒತ್ತಿದರೆ ಬರುವ ರಸ ತಿಳಿಯಾಗಿರಬೇಕು. ಅಡುಗೆ ಥರ್ಮಾಮೀಟರ್ ಇದ್ದವರಿಗೆ ಅಳತೆ 74 ಡಿಗ್ರಿ ಸೆಲ್ಸಿಯಸ್, ತುಂಡಿನ ನಡುವಿನಲ್ಲಿ.

ಒಗ್ಗರಣೆ, ಮಸಾಲೆ, ಖಾರ ಯಾವುದೂ ಬೇಡ. ಈರುಳ್ಳಿ, ಬೆಳ್ಳುಳ್ಳಿ ಕಟ್ಟುನಿಟ್ಟಾಗಿ ಬೇಡ, ಬೇಯಿಸಿದ್ದೂ ಪುಡಿಯೂ ಸೇರಿ. ಅವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಒಂದು ದಿನ ತಿಂದರೆ ಏನೂ ಕಾಣದೆ ಹೋಗಬಹುದು. ದಿನಾ ಸಾರಿನ ಅನ್ನ ತಿನ್ನುವ ನಾಯಿಯ ವಸಡು ಬಿಳಿಚಿ, ಮೂತ್ರ ಕಂದಾದಾಗ ತಡವಾಗಿರುತ್ತದೆ.

ಹಂತ 5: ಮೂಳೆ ಬಿಡಿಸುವುದು

ಇಲ್ಲಿ ಅವಸರ ಬೇಡ. ಬೋನ್‌ಲೆಸ್ ಎಂದು ತಂದದ್ದರಲ್ಲೂ ಮೂಳೆ ಚೂರು ಇರುತ್ತದೆ. ಆರಿದ ಮೇಲೆ ಅಗಲವಾದ ತಟ್ಟೆಗೆ ಸುರಿದು, ಒಂದೊಂದು ತುಂಡನ್ನೂ ಹೆಬ್ಬೆರಳು–ತೋರುಬೆರಳ ನಡುವೆ ಹಿಸುಕಿ ಎಳೆ ಎಳೆ ಮಾಡಿ. ಲೆಗ್ ಪೀಸಿನಲ್ಲಿ ದಪ್ಪ ಮೂಳೆ ಎಲ್ಲರಿಗೂ ಸಿಗುತ್ತದೆ. ಅದರ ಬದಿಗೆ ಅಂಟಿಕೊಂಡು ದಬ್ಬಣದಂಥ ಇನ್ನೊಂದು ಇದೆ. ಒಂದು ತುದಿ ಗುಂಡಗೆ, ಇನ್ನೊಂದು ಸೂಜಿಯಷ್ಟು ಚೂಪು. ಬೆಂದ ಮೇಲೆ ಅದು ಮಾಂಸದ ಬಣ್ಣಕ್ಕೇ ತಿರುಗಿ ಎಳೆಗಳ ನಡುವೆ ಅಡಗುತ್ತದೆ. ನಾಯಿಯ ಗಂಟಲಲ್ಲಿ ಅಡ್ಡ ನಿಲ್ಲುವುದು ಇಂಥದ್ದೇ. ಅದು ಕೈಗೆ ಸಿಗುವವರೆಗೆ ಆ ತಟ್ಟೆಯ ಕೆಲಸ ಮುಗಿದಿಲ್ಲ ಎಂದುಕೊಳ್ಳಿ.

ಬೆಂದ ಮೂಳೆ ಯಾಕೆ ಅಪಾಯ? ಮೂಳೆಗೆ ಬಾಗುವ ಗುಣ ಕೊಡುವ ಕೊಲಾಜೆನ್ ಬಿಸಿಗೆ ಕರಗಿ ಹೋಗುತ್ತದೆ, ಉಳಿದದ್ದು ಗಾಜಿನಂತೆ ಚೂಪಾಗಿ ಸೀಳುತ್ತದೆ. ‘ಹಾಗಾದರೆ ಹಸಿ ಮೂಳೆ ಕೊಡೋಣ’ ಎಂದರೆ ಅದೂ ನಿರಪಾಯವಲ್ಲ. ಕುರಿ, ಎಮ್ಮೆಯ ಗಟ್ಟಿ ಮೂಳೆ ಕಡಿದು ಮೇಲಿನ ದವಡೆಯ ದೊಡ್ಡ ಹಲ್ಲು ಹೋಳಾಗಿ ಸೀಳುವುದು, ಸುಣ್ಣದ ಕಡ್ಡಿಯಂಥ ಬಿಳಿ ಮಲ ಕಟ್ಟಿಕೊಂಡು ತಿಣುಕುವುದು ಹಸಿ ಮೂಳೆಯಿಂದಲೂ ಆಗುತ್ತದೆ.

ಹಂತ 6: ಕ್ಯಾಲ್ಸಿಯಂ

100 ಗ್ರಾಂ ಕೋಳಿ ಮಾಂಸದಲ್ಲಿ ರಂಜಕ (ಫಾಸ್ಫರಸ್) ಸುಮಾರು 200 ಮಿಲಿಗ್ರಾಂ ಇದ್ದರೆ ಕ್ಯಾಲ್ಸಿಯಂ ಹತ್ತು ಹನ್ನೆರಡು ಮಿಲಿಗ್ರಾಂ ಅಷ್ಟೆ. ನಾಯಿಗೆ ಬೇಕಾದದ್ದು ಎರಡೂ ಹತ್ತಿರ ಹತ್ತಿರ ಸಮ, ಕ್ಯಾಲ್ಸಿಯಂ ಒಂದು ಕೈ ಮೇಲೆ. ಊಟದಲ್ಲಿ ಸಿಗದಿದ್ದಾಗ ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ತೆಗೆದು ರಕ್ತಕ್ಕೆ ಹಾಕುತ್ತದೆ. ದೊಡ್ಡ ನಾಯಿಯಲ್ಲಿ ಇದು ಹೊರಗೆ ಕಾಣಲು ಕಾಲ ಹಿಡಿಯುತ್ತದೆ. ಮರಿಯಲ್ಲಿ ಕೆಲವೇ ವಾರದಲ್ಲಿ ಮುಂಗಾಲು ಬಿಲ್ಲಿನಂತೆ ಬಾಗಿ, ಎತ್ತಿಕೊಂಡರೆ ಕಿರುಚಿ, ಸೋಫಾದಿಂದ ಹಾರಿದ್ದಕ್ಕೇ ಮೂಳೆ ಮುರಿಯುತ್ತದೆ.

‘ರಾಗಿ ಹಾಕ್ತೀವಲ್ಲ, ಹಾಲು ಹಾಕ್ತೀವಲ್ಲ’ ಎನ್ನುವವರು ಲೆಕ್ಕ ನೋಡಿ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ. ಅದರಲ್ಲೂ ಒಂದು ಪಾಲು ಕರುಳಲ್ಲಿ ಹೀರಿಕೊಳ್ಳದೆ ಹೋಗುತ್ತದೆ. ಒಂದು ಲೋಟ ಹಾಲಿನಲ್ಲಿ 240. 20 ಕೆ.ಜಿ. ನಾಯಿಗೆ ದಿನಕ್ಕೆ 1,300 ಮಿಲಿಗ್ರಾಂ ಆಸುಪಾಸು ಬೇಕು.

ಅಗ್ಗದ ಉಪಾಯ ಮೊಟ್ಟೆ ಚಿಪ್ಪು. ಚಿಪ್ಪು ತೊಳೆದು, ಹತ್ತು ನಿಮಿಷ ಕುದಿಸಿ, ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ, ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿಯಿರಿ. ಬೆರಳ ನಡುವೆ ಉಜ್ಜಿದರೆ ಮೈದಾ ಹಿಟ್ಟಿನಂತಿರಬೇಕು, ಮರಳಿನಂತಿದ್ದರೆ ಇನ್ನೊಂದು ಸುತ್ತು ಹಾಕಿ. ಒಂದು ಮಟ್ಟಸ ಟೀ ಚಮಚ ಪುಡಿ ಸುಮಾರು 5 ಗ್ರಾಂ, ಅದರಲ್ಲಿ ಕ್ಯಾಲ್ಸಿಯಂ ಸುಮಾರು 1,900 ಮಿಲಿಗ್ರಾಂ. 20 ಕೆ.ಜಿ. ನಾಯಿಯ ಇಡೀ ದಿನದ ಊಟಕ್ಕೆ ಮುಕ್ಕಾಲು ಚಮಚ ಸಾಕು. ಮನೆಯಲ್ಲಿ ಮೊಟ್ಟೆ ಇಲ್ಲವೆಂದರೆ ಎಗ್‌ರೈಸ್ ಗಾಡಿಯವರನ್ನು ಕೇಳಿ, ಬುಟ್ಟಿಗಟ್ಟಲೆ ಕೊಡುತ್ತಾರೆ.

ಮನುಷ್ಯರಿಗೆ ಬರೆದುಕೊಟ್ಟ ಡಿ3 ಸ್ಯಾಶೆ, ಅದೇ 60,000 ಯೂನಿಟ್ಟಿನದು, ನಾಯಿಯ ಬಟ್ಟಲಿಗೆ ಸುರಿಯಬೇಡಿ. ಡಿ ಜೀವಸತ್ವ ಮಿತಿಮೀರಿದರೆ ಕಿಡ್ನಿ ಹಾಳು.

ಹಂತ 7: ಬಟ್ಟಲು ಕೂಡಿಸುವುದು

20 ಕೆ.ಜಿ. ತೂಗುವ, ಬೆಳೆದ ನಾಯಿಗೆ ಒಂದು ದಿನದ ಲೆಕ್ಕ: ಬೋನ್‌ಲೆಸ್ ಕೋಳಿ 350 ಗ್ರಾಂ (ಹಸಿ ತೂಕ), ಕೋಳಿ ಲಿವರ್ 25 ಗ್ರಾಂ, ನುಚ್ಚಕ್ಕಿ 100 ಗ್ರಾಂ (ಬೇಯಿಸುವ ಮೊದಲಿನ ತೂಕ), ಬೇಯಿಸಿದ ಮೊಟ್ಟೆ ಒಂದು, ಸಿಹಿಗುಂಬಳವೋ ಬೀನ್ಸೋ 100 ಗ್ರಾಂ, ಎಣ್ಣೆ ಎರಡು ಟೀ ಚಮಚ, ಚಿಟಿಕೆ ಉಪ್ಪು, ಚಿಪ್ಪಿನ ಪುಡಿ ಮುಕ್ಕಾಲು ಚಮಚ. ಒಟ್ಟು ಸುಮಾರು 1,000 ಕಿಲೋಕ್ಯಾಲರಿ. ಎಣ್ಣೆ ಸೂರ್ಯಕಾಂತಿಯದೋ, ಚಳ್ಳಕೆರೆ ಶೇಂಗಾದ್ದೋ, ಯಾವುದಾದರೂ ಸರಿ. 10 ಕೆ.ಜಿ. ನಾಯಿಗೆ ಇದರ ಅರ್ಧಕ್ಕಿಂತ ಸ್ವಲ್ಪ ಮೇಲೆ, 30 ಕೆ.ಜಿ.ಗೆ ಒಂದೂಕಾಲರಿಂದ ಒಂದೂವರೆ ಪಾಲಿನ ನಡುವೆ. ಎರಡು ಹೊತ್ತಿಗೆ ಹಂಚಿ ಹಾಕಿ.

ಅಕ್ಕಿಯ ಬದಲು ನವಣೆ, ಜೋಳದ ನುಚ್ಚು, ರಾಗಿ ಮುದ್ದೆ ಆಗಬಹುದು. ಯಾವುದೇ ಆದರೂ ಮೆತ್ತಗೆ ಬೇಯಬೇಕು. ಅರೆಬೆಂದ ಜೋಳ ನಾಯಿ ಹಿಂದೆ ಹಾಗೇ ಬೀಳುತ್ತದೆ. ಈ ಊಟದಲ್ಲಿ ಅಯೋಡಿನ್, ಸತು, ಡಿ ಮತ್ತು ಇ ಜೀವಸತ್ವ ಕಡಿಮೆ ಬೀಳುತ್ತವೆ. ತಿಂಗಳುಗಟ್ಟಲೆ ಮನೆಯೂಟವನ್ನೇ ಹಾಕುವವರು ನಾಯಿಗೆಂದೇ ಇರುವ ವಿಟಮಿನ್–ಖನಿಜದ ಪುಡಿಯನ್ನು ಪಶುವೈದ್ಯರಿಂದ ಬರೆಸಿಕೊಳ್ಳಿ. ಆ ಪುಡಿಯಲ್ಲೇ ಕ್ಯಾಲ್ಸಿಯಂ ಇದ್ದರೆ ಚಿಪ್ಪಿನ ಪುಡಿ ಅಷ್ಟು ಕಡಿಮೆ ಮಾಡಿ.

ಒಂದು ವರ್ಷದೊಳಗಿನ ಮರಿಗೆ ಈ ಲೆಕ್ಕ ಹೊಂದುವುದಿಲ್ಲ. ಅದರಲ್ಲೂ ಜರ್ಮನ್ ಶೆಫರ್ಡ್, ರಾಟ್‌ವೀಲರ್‌ನಂಥ ದೊಡ್ಡ ತಳಿಯ ಮರಿಗೆ ಕ್ಯಾಲ್ಸಿಯಂ ಕಡಿಮೆಯಾದರೂ ತಪ್ಪು, ಹೆಚ್ಚಾದರೂ ತಪ್ಪು. ಮರಿಗಳಿಗೆಂದೇ ಮಾಡಿದ ಪ್ಯಾಕೆಟ್ ಆಹಾರವನ್ನು ಮುಖ್ಯ ಊಟ ಮಾಡಿ. ಬೇಯಿಸಿದ ಕೋಳಿ ಹತ್ತರಲ್ಲಿ ಒಂದು ಪಾಲು ಇರಲಿ, ಸಾಕು.

ಹಂತ 8: ನಿಧಾನವಾಗಿ ಬದಲಾಯಿಸಿ

ಹಳೆಯ ಊಟದಿಂದ ಹೊಸದಕ್ಕೆ 7ರಿಂದ 10 ದಿನ. ಮೊದಲ ಎರಡು ದಿನ ಕಾಲು ಭಾಗ ಹೊಸದು, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು. ಮಲ ಸಡಿಲವಾದರೆ ಹಿಂದಿನ ಅಳತೆಗೆ ಹೋಗಿ ಎರಡು ದಿನ ನಿಲ್ಲಿ.

ಶ್ರಾವಣ ಬಂದ ಕೂಡಲೇ ಮನೆಯವರ ಜೊತೆ ನಾಯಿಯ ಮಾಂಸವೂ ಒಂದೇ ದಿನಕ್ಕೆ ನಿಲ್ಲುವ ಮನೆಗಳಿವೆ. ವ್ರತ ನಿಮ್ಮದು, ಹೊಟ್ಟೆ ಅದರದು. ನಿಲ್ಲಿಸಲೇಬೇಕೆಂದರೆ ವಾರ ಮೊದಲೇ ಇಳಿಸುತ್ತಾ ಬಂದು ಮೊಟ್ಟೆಗೆ, ಅದೂ ಆಗದಿದ್ದರೆ ಪ್ಯಾಕೆಟ್ ಆಹಾರಕ್ಕೆ ತಿರುಗಿಸಿ. ಒಂದು ತಿಂಗಳು ಬರೀ ಮೊಸರನ್ನ ಸಾಲದು. ದಾವಣಗೆರೆಯ ದುಗ್ಗಮ್ಮನ ಜಾತ್ರೆಯದು ಇದರ ತಿರುಗುಮುರುಗು. ಬೀದಿಯ ಪ್ರತಿ ಮನೆಯಲ್ಲೂ ಬಾಡೂಟ, ನೆಂಟರು ಒಬ್ಬೊಬ್ಬರೂ ಪ್ರೀತಿಯಿಂದ ಒಂದೊಂದು ಮೂಳೆ ಎಸೆಯುತ್ತಾರೆ. ಆ ಎರಡು–ಮೂರು ದಿನ ನಾಯಿಯನ್ನು ಮಹಡಿ ಮೇಲೆ ಕಟ್ಟುವುದೇ ಲೇಸು.

ಹಂತ 9: ಬಟ್ಟಲು ಮತ್ತು ಹುಳುವಿನ ಮಾತ್ರೆ

20 ನಿಮಿಷದಲ್ಲಿ ತಿನ್ನದಿದ್ದರೆ ಬಟ್ಟಲು ಎತ್ತಿ. ಬೇಯಿಸಿದ್ದು ಫ್ರಿಜ್ಜಿನಲ್ಲಿ ಮೂರು ದಿನ ಇರುತ್ತದೆ, ಅದಕ್ಕಿಂತ ಹೆಚ್ಚಿಗೆ ಫ್ರೀಜರ್. ಸ್ಟೀಲ್ ಬಟ್ಟಲನ್ನು ಪ್ರತಿ ಊಟದ ಮೇಲೂ ಸೋಪು ಹಾಕಿ ತೊಳೆಯಿರಿ, ಮನೆ ಪಾತ್ರೆಯ ಜೊತೆ ಬೇಡ.

ಹುಳುವಿನ ಮಾತ್ರೆಯಲ್ಲಿ ಪ್ರಾಜಿಕ್ವಾಂಟೆಲ್ ಇದೆಯೇ ಎಂದು ಡಬ್ಬಿಯ ಮೇಲೆ ಓದಿ. ಬರೀ ಪೈರಾಂಟೆಲ್ ಇರುವ ಔಷಧ ದುಂಡುಹುಳುವಿಗೆ, ಲಾಡಿಹುಳು ಅದಕ್ಕೆ ಜಗ್ಗದು. ಅಳತೆ ತೂಕದ ಮೇಲೆ, ಮೂರು ತಿಂಗಳಿಗೊಮ್ಮೆ. ಕುರಿ ಹಟ್ಟಿಯ ನಾಯಿಗೆ, ಕದ್ದು ತಿನ್ನುವ ನಾಯಿಗೆ ಆರು ವಾರಕ್ಕೊಮ್ಮೆ ಬೇಕೇ ಎಂದು ವೈದ್ಯರನ್ನು ಕೇಳಿ. ಮಾತ್ರೆ ಹುಳುವನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಕೊಟ್ಟ ಮೇಲೆ ಮೂರು ದಿನ ನಾಯಿಯನ್ನು ಕಟ್ಟಿಹಾಕಿ, ಮಲ ಎತ್ತಿ ಆಳವಾಗಿ ಹೂಳಿ.

ಹಸಿಯದೇ ಹಾಕುತ್ತೇನೆ ಎನ್ನುವವರಿಗೆ

ನಮ್ಮ ಒಪ್ಪಿಗೆ ಇಲ್ಲ. ಆದರೂ ಹಾಕುವವರು ಇಷ್ಟನ್ನಾದರೂ ಮೀರಬೇಡಿ. ಬೆಳೆದ, ಆರೋಗ್ಯವಾಗಿರುವ ನಾಯಿಗೆ ಮಾತ್ರ. ಮನೆಯಲ್ಲಿ ಚಿಕ್ಕ ಮಕ್ಕಳು, ರೋಗಿಗಳು ಇರಬಾರದು. ತೊಡೆ, ಭುಜದ ಮಾಂಸ ಮಾತ್ರ, ಲಿವರ್–ಶ್ವಾಸಕೋಶ–ತಲೆ ಇಲ್ಲ. ಖೀಮಾ ಬೇಡ, ಮೇಲ್ಮೈಯ ಬ್ಯಾಕ್ಟೀರಿಯಾ ಅರೆಯುವಾಗ ಒಳಗೆಲ್ಲ ಹರಡಿರುತ್ತದೆ. ಮೈನಸ್ 20 ಡಿಗ್ರಿಯಲ್ಲಿ ಹತ್ತು ದಿನ ಇಟ್ಟರೆ ಹುಳುವಿನ ಗುಳ್ಳೆಗಳು ಸಾಯುತ್ತವೆ, ಬ್ಯಾಕ್ಟೀರಿಯಾ ಸಾಯುವುದಿಲ್ಲ. ಅದೂ ನಿಮ್ಮ ಫ್ರೀಜರ್ ನಿಜವಾಗಿ ಅಷ್ಟು ತಣ್ಣಗಾಗುತ್ತಿದ್ದು, ನಡುವೆ ಕರೆಂಟ್ ಹೋಗದಿದ್ದರೆ. ಕ್ಯಾಲ್ಸಿಯಂ ಲೆಕ್ಕ ಹಸಿಗೂ ಅದೇ.

ಕೂಡಲೇ ವೈದ್ಯರ ಬಳಿ ಹೋಗಬೇಕಾದ ಲಕ್ಷಣಗಳು

ಬಾಯಿಯಿಂದ ಜೊಲ್ಲು ಸುರಿಸುತ್ತಾ ಕತ್ತು ಚಾಚಿ ಓಕರಿಸುವುದು, ಏನೂ ಹೊರಬರದಿರುವುದು. ಎರಡು–ಮೂರು ಸಲಕ್ಕಿಂತ ಹೆಚ್ಚು ವಾಂತಿ. ಡಾಂಬರಿನಂಥ ಕಪ್ಪು ಮಲ ಅಥವಾ ರಕ್ತ. ತಿಣುಕಿದರೂ ಒಂದು ದಿನ ಮಲ ಬರದಿರುವುದು. ಹೊಟ್ಟೆ ಮುಟ್ಟಿದರೆ ಗುರ್ರೆನ್ನುವುದು.

ಬೆಂದ ಮೂಳೆ ನುಂಗಿದ್ದನ್ನು ಕಣ್ಣಾರೆ ಕಂಡರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಇಳಿಯುವಾಗ ಸೀಳದ್ದು ಏರುವಾಗ ಸೀಳುತ್ತದೆ, ಉಪ್ಪೂ ನಾಯಿಗೆ ವಿಷವೇ. ಬಾಯಿಯೊಳಗೆ ಕೈ ಹಾಕಿ ಎಳೆಯಲೂ ಹೋಗಬೇಡಿ. ಯಾವ ಮೂಳೆ, ಎಷ್ಟು ದೊಡ್ಡದು, ಎಷ್ಟು ಹೊತ್ತಾಯಿತು ಎಂಬುದನ್ನು ಬರೆದುಕೊಂಡು, ತಟ್ಟೆಯಲ್ಲಿ ಉಳಿದ ಅಂಥದ್ದೇ ಒಂದು ತುಂಡಿದ್ದರೆ ಅದನ್ನೂ ಕವರಿನಲ್ಲಿ ಹಾಕಿಕೊಂಡು, ಎಕ್ಸ್‌ರೇ ಇರುವ ಪಶು ಆಸ್ಪತ್ರೆಗೆ ಹೊರಡಿ. ಹೊರಡುವ ಮೊದಲು ಫೋನ್ ಮಾಡಿ ಯಂತ್ರ ನಡೆಯುತ್ತಿದೆಯೇ ಎಂದು ಕೇಳಿಕೊಳ್ಳಿ.